ಗೋಡೆಗೆ ಒರಗಿ ಕೂತದ್ದು

ಐವತ್ತರ ದಶಕದ ಮಾತು. ಕಟ್ಟೆಮಳಲವಾಡಿಯ ಪ್ರೈಮರಿ ಶಾಲೆಯಲ್ಲಿ ನಾನು ಪಾಠ ಹೇಳುತ್ತಿದ್ದೆ. ಅಪ್ಪ ತೀರಿಕೊಂಡ ಮೇಲೆ ನನಗೆ ಎದೆ ಹೊಡೆದುಕೊಳ್ಳುವುದು ಶುರುವಾಯಿತು. ಬೋರ್ಡಿನ ಮುಂದೆ ನಿಂತರೆ ಸೀಮೆಸುಣ್ಣ ಹಿಡಿದ ಕೈ ನಡುಗುತ್ತಿತ್ತು. ಹೆಡ್‌ಮಾಸ್ಟರು ಹದಿನೈದು ದಿನ ರಜೆ ಕೊಟ್ಟು, ಅಷ್ಟರಲ್ಲಿ ಸರಿಹೋಗದಿದ್ದರೆ ಬೇರೆಯವರನ್ನು ಹಾಕಬೇಕಾಗುತ್ತದೆ ಎಂದರು. ಮನೆಯಲ್ಲಿ ಉಳಿದಿದ್ದವರು ಅವ್ವ ಮತ್ತು ನಾನು. ಆ ಕೆಲಸ ಹೋದರೆ ಇಬ್ಬರಿಗೂ ಬೇರೆ ಗತಿಯಿರಲಿಲ್ಲ.

ಹುಣಸೂರಿನ ಲೇಡಿ ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, ಏನೂ ಇಲ್ಲ ಎಂದರು. "ಔಷಧಿ ಬೇಡ. ದಿನಾ ಗೋಡೆಗೆ ಒರಗಿ, ಚಕ್ಕಳಮಕ್ಕಳ ಹಾಕಿ, ಕಣ್ಣು ಮುಚ್ಚಿ ಕೂತ್ಕೊಳ್ಳಿ. ಕಾಲ್ಬೆರಳಿಂದ ನೆತ್ತಿವರೆಗೂ ಒಂದೊಂದೇ ಅಂಗಕ್ಕೆ 'ಸಡಿಲ ಬಿಡು' ಅಂತ ಮನಸ್ಸಲ್ಲೇ ಹೇಳಿ. ಯಾರ ಸಹಾಯವೂ ಬೇಡ."

ನನಗೆ ಸಿಟ್ಟು ಬಂತು. ಔಷಧಿ ಕೊಡದ ಡಾಕ್ಟರನ್ನು ಎಲ್ಲಿಯಾದರೂ ಕಂಡದ್ದುಂಟೆ? ವಾಸಿಯಾಗದ ರೋಗವೇ ಇರಬೇಕು, ಬಾಯಿಬಿಟ್ಟು ಹೇಳಲಾರದೆ ಸಾಗಹಾಕುತ್ತಿದ್ದಾರೆ ಎಂದುಕೊಂಡೆ. ಅವ್ವನಿಗೆ ಏನೂ ಹೇಳಲಿಲ್ಲ.

ಮಾರನೆಯ ಮಧ್ಯಾಹ್ನ ಅವ್ವ ಸೊಪ್ಪು ಕೀಳಲು ಹೋಗಿದ್ದಾಗ ನಡುಮನೆಯಲ್ಲಿ ಕೂತೆ. ಹಿಮ್ಮಡಿಗೆ ಹೇಳಿದ್ದಾಯಿತು, ಮೊಣಕಾಲಿಗೆ ಹೇಳಿದ್ದಾಯಿತು. ಒಂದೂ ನನ್ನ ಮಾತು ಕೇಳಲಿಲ್ಲ. ಸೊಂಟದವರೆಗೆ ಬರುವಷ್ಟರಲ್ಲಿ ಅವ್ವ ಕಿರುಚಿದ್ದು ಕೇಳಿತು. ಓಡಿಬಂದವಳೇ ನನ್ನ ಕೆನ್ನೆಗೆ ಬಾರಿಸಿದಳು.

"ಏಳೇ ಮೇಲಕ್ಕೆ! ನಿಮ್ಮಪ್ಪನ್ನ ಇಂಗೇ ಕೂರ್ಸಿ ಕಳ್ಸಿದ್ದು ಸಾಲ್ದಾ ನಿಂಗೆ?"

ನಮ್ಮವರಲ್ಲಿ ಹೆಣವನ್ನು ಮಲಗಿಸುವುದಿಲ್ಲ. ಚಕ್ಕಳಮಕ್ಕಳ ಹಾಕಿಸಿ, ಗೋಡೆಗೆ ಒರಗಿಸಿ, ವಿಭೂತಿ ಬಳಿದು ಕೂರಿಸುತ್ತೇವೆ. ನಾಲ್ಕು ತಿಂಗಳ ಹಿಂದೆ ಅಪ್ಪನನ್ನು ಕೂರಿಸಿದ್ದ ಜಾಗದಲ್ಲೇ ನಾನು ಕೂತಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ ಎಂದು ನನ್ನನ್ನೇ ಬೈದುಕೊಂಡೆ.

ವಿಷಯ ಹೇಳಿದರೆ ಅವ್ವ ಡಾಕ್ಟರ ಮೇಲೇ ಅನುಮಾನಪಟ್ಟಳು. "ಕಣ್ಮುಚ್ಚಿಸಿ ವಶ ಮಾಡ್ಕಳೋ ಇದ್ಯೆ ಇರ್ಬೇಕು ಕಣ್ಮಗ. ಮಾಡ್ಲೇಬೇಕು ಅಂದ್ರೆ ಮಲಿಕ್ಕಂಡು ಮಾಡು. ನಾನ್ ಪಕ್ಕದಲ್ಲೇ ಇರ್ತೀನಿ."

ಅಂದಿನಿಂದ ನಾನು ಚಾಪೆಯ ಮೇಲೆ ಮಲಗುವುದು, ಅವಳು ನನ್ನ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುವುದು. ಇದರಿಂದ ಏನಾದರೂ ಆದೀತೆಂಬ ನಂಬಿಕೆ ಇಬ್ಬರಿಗೂ ಇರಲಿಲ್ಲ. ರಜೆ ಮುಗಿಯುವ ಹಿಂದಿನ ದಿನ, ಭುಜಕ್ಕೆ ಹೇಳಿ ಕುತ್ತಿಗೆಗೆ ಬರುವಾಗ ಎದೆ ತಾನಾಗಿಯೇ ಸುಮ್ಮನಾಗಿತ್ತು. ಆಗಲೇ ನನಗೆ ಗೊತ್ತಾದದ್ದು, ಅವಳ ಬೆರಳು ನಡುಗುತ್ತಿತ್ತು.

"ನೀನೂ ಒಂದ್ಸಲ ಮಾಡವ್ವ, ನಾನ್ ಪಕ್ಕದಲ್ಲಿರ್ತೀನಿ" ಎಂದೆ.

"ಬ್ಯಾಡ ಬುಡು" ಎಂದಳು. ಆಮೇಲೆ ನನ್ನ ಮುಖ ನೋಡದೆ ಹೇಳಿದಳು: "ನಿಮ್ಮಪ್ಪನ ಉಸಿರು ನಿಂತಾಗ ನಾನ್ ಪಕ್ಕದಲ್ಲೇ ಕಣ್ಮುಚ್ಕಂಡಿದ್ದೆ ಕಣ್ಮಗ. ತೂಕಡಿಕೆ ಬಂದ್ಬುಟ್ಟಿತ್ತು."

ಮಾರನೆಯ ದಿನ ಶಾಲೆಗೆ ಹೋದೆ. ಕೈ ನಡುಗಲಿಲ್ಲ. ಅವ್ವ ಮಾತ್ರ ಆ ಚಾಪೆಯ ಮೇಲೆ ಒಂದು ದಿನವೂ ಮಲಗಲಿಲ್ಲ.