ಕಾಗಾಲದ ಮುಕ್ಕಾಲು ಗಂಟೆ

ಕುಮಟಾದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಹನ್ನೆರಡು ವರ್ಷಗಳಿಂದ ಪಾಠ ಹೇಳುತ್ತಿರುವ ಸುಚಿತಾಳನ್ನು ಬೈಯುವ ಧೈರ್ಯ ಇದ್ದದ್ದು ಒಬ್ಬರಿಗೇ, ಕಾಗಾಲದಲ್ಲಿ ಅವಳ ಪಕ್ಕದ ಮನೆಯ ನಾಗಕ್ಕನಿಗೆ. ಅಘನಾಶಿನಿ ಹೊಳೆಯ ನೀರಿಳಿದಾಗ ಕೆಸರಿನಲ್ಲಿ ಬಳಚು ಚಿಪ್ಪಿ ಹೆಕ್ಕುವುದು ನಾಗಕ್ಕನ ಕಸುಬು. ಮಗಳು ಕೊಡಿಸಿದ ಹೊಸ ಮೊಬೈಲಿಗೆ, ಭರತ-ಇಳಿತದ ಸಮಯ ತೋರಿಸುವ ಆ್ಯಪ್ ಹಾಕಿಕೊಟ್ಟವಳು ಸುಚಿತಾ.

ಮರುದಿನವೇ ನಾಗಕ್ಕ ಒದ್ದೆ ಸೀರೆಯಲ್ಲಿ ಅಂಗಳಕ್ಕೆ ಬಂದು ನಿಂತಳು.

"ನಿನ್ನ ಆ್ಯಪು ಹತ್ತು ಗಂಟಿಗೆ ಇಳ್ತ ಅಂತು. ನಾ ಹೋದ್ರೆ ಸೊಂಟದವರಿಗೆ ನೀರು! ಎಂತಕ್ಕೆ ಹಾಕಿಕೊಟ್ಟೆ ಇದ್ನ?"

ತಪ್ಪು ಎಲ್ಲಿದೆಯೆಂದು ಸುಚಿತಾಗೆ ಹೊಳೆಯಿತು. ಆ್ಯಪ್ ತೋರಿಸುತ್ತಿದ್ದದ್ದು ಕಡಲಿನ ಸಮಯ. ಹೊಳೆಯ ಒಳಗೆ ನೀರು ಇಳಿಯುವುದು ತಡ, ನಾಗಕ್ಕನ ಪ್ರಕಾರ ಮುಕ್ಕಾಲು ಗಂಟೆ. ಅದು ಮುಕ್ತ ತಂತ್ರಾಂಶ, ಅಂದರೆ ಅದರ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಿ ಕಳಿಸಬಹುದು. ಅವಳು ಕೂತವಳೇ ಹನ್ನೊಂದು ತಿದ್ದುಪಡಿ ಮಾಡಿದಳು. ಕಾಗಾಲದ ಸಮಯದ ಜೊತೆಗೆ ಬಣ್ಣ, ಕಾಗುಣಿತ, ಕೊನೆಗೆ ಮೂಲೆಯಲ್ಲಿದ್ದ ಚಂದ್ರನ ಚಿತ್ರವನ್ನೂ ಬದಲಿಸಿದಳು. 'ತಿದ್ದುಪಡಿ ಕಳಿಸುವವರಿಗೆ ಸೂಚನೆಗಳು' ಎಂಬ ಪುಟ ಕಣ್ಣಿಗೆ ಬಿದ್ದಿತ್ತು. ವಿದ್ಯಾರ್ಥಿಗಳಿಗೆ ದಿನವೂ "ಸೂಚನೆ ಮೊದಲು ಓದಿ" ಎನ್ನುವವಳು ಅದನ್ನು ಓದದೆ ಕಳಿಸಿಬಿಟ್ಟಳು.

ಆ ತಂತ್ರಾಂಶ ನೋಡಿಕೊಳ್ಳುತ್ತಿದ್ದವರು ಭಟ್ಕಳ ತಾಲೂಕಿನ ಬೆಳಕೆಯ ವಿಜ್ಞಾನ ಮಾಸ್ತರು ಮಧುಸೂದನ. ಸಂಜೆಯೊಳಗೆ ಉತ್ತರ ಬಂತು: 'ನಿಮ್ಮ ಉತ್ಸಾಹಕ್ಕೆ ವಂದನೆ. ಒಂದು ತಿದ್ದುಪಡಿಯಲ್ಲಿ ಒಂದೇ ವಿಷಯ ಇರಲಿ, ಸೂಚನೆ ಎರಡನ್ನು ನೋಡಿ. ಚಂದ್ರನ ಚಿತ್ರಕ್ಕೂ ಕಾಗಾಲದ ಇಳಿತಕ್ಕೂ ಏನು ಸಂಬಂಧ?'

ಓದಿ ಹೇಳಿದಾಗ ನಾಗಕ್ಕ ಬಾಯಿ ಮೇಲೆ ಕೈಯಿಟ್ಟಳು. "ಚಂದ್ರಂಗೂ ಇಳ್ತಕ್ಕೂ ಸಂಬಂಧ ಇಲ್ಯಂತಾ? ಅಂವ ಎಂತಾ ಮಾಸ್ತರನೇ ತಂಗಿ?"

ಸುಚಿತಾ ಹತ್ತನ್ನು ತೆಗೆದು, ಕಾಗಾಲಕ್ಕೆ ಮುಕ್ಕಾಲು ಗಂಟೆ ಸೇರಿಸುವ ಒಂದನ್ನೇ ಮತ್ತೆ ಕಳಿಸಿದಳು. ಅದಕ್ಕೂ ಉತ್ತರ ಬಂತು: 'ಮುಕ್ಕಾಲು ಗಂಟೆಗೆ ಆಧಾರವೇನು? ಅಂದಾಜಿನ ಮೇಲೆ ಕೋಡ್ ಬದಲಿಸುವುದಿಲ್ಲ. ಸೂಚನೆ ಐದು.'

ಸುಚಿತಾಳ ಮುಖ ಸಣ್ಣದಾಯಿತು. ನಲವತ್ತು ವರ್ಷ ಆ ನೀರಿನಲ್ಲಿ ನಿಂತವಳ ಮಾತಿಗಿಂತ ಬೇರೆ ಆಧಾರ ಬೇಕೇ? ಎರಡು ದಿನ ಆ ತಂತ್ರಾಂಶದ ಪುಟ ತೆರೆಯಲೇ ಇಲ್ಲ. ಮೂರನೆಯ ದಿನ ನಾಗಕ್ಕನೇ ಒಂದು ಬಿದಿರಿನ ಕೋಲು ಹೊತ್ತು ಬಂದಳು.

"ಇದ್ಕೆ ಗೆರೆ ಹಾಕು. ನಾ ನೋಡಿ ಫೋನ್ ಮಾಡ್ತೆ, ನೀ ಬರ್ಕೊ. ಮಾಸ್ತರಿಗೆ ಲೆಕ್ಕ ಬೇಕಾದ್ರೆ ಲೆಕ್ಕವೇ ಕೊಡ್ವ."

ಹದಿನೈದು ದಿನ ಹಗಲಿನ ಇಳಿತಕ್ಕೆ ಫೋನ್ ಬಂತು. ಪಾಠದ ನಡುವೆ ಸುಚಿತಾ "ಬಂದೆ" ಎಂದು ಹೊರಗೆ ಓಡಿ, ಕೈಗೆ ಸಿಕ್ಕ ಕಾಗದದಲ್ಲಿ ಸಮಯ ಬರೆದುಕೊಂಡಳು. ಹದಿನಾಲ್ಕು ದಿನ ನಲವತ್ತರಿಂದ ಐವತ್ತು ನಿಮಿಷ ತಡ. ಒಂದು ದಿನ ಮಾತ್ರ ಎರಡು ಗಂಟೆ ತಡ. ಆ ದಿನ ಮೊಬೈಲು ಬುಟ್ಟಿಯಲ್ಲಿ ಚಿಪ್ಪಿಯ ಅಡಿಗೆ ಸೇರಿತ್ತು. ಆ ಕಾರಣವನ್ನೂ ಬಿಡದೆ ಬರೆದು ಕಳಿಸಿದಳು.

ಈ ಸಲ ಉತ್ತರ ಬರಲಿಲ್ಲ. ಭಾನುವಾರ ಸ್ವತಃ ಮಧುಸೂದನ ಮಾಸ್ತರೇ ಕಾಗಾಲದ ಹೊಳೆದಂಡೆಗೆ ಬಂದರು. ಇಸ್ತ್ರಿ ಮಾಡಿದ ಪ್ಯಾಂಟು, ಕೈಯಲ್ಲಿ ಗಡಿಯಾರ, ಬಗಲಲ್ಲಿ ಪುಸ್ತಕ.

"ಆ್ಯಪ್ ಪ್ರಕಾರ ಈಗ ಪೂರ್ತಿ ಇಳಿತ. ಒಮ್ಮೆ ಕಣ್ಣಾರೆ ನೋಡುವ ಅಂತ," ಎಂದರು.

"ಇಳೀರಿ ಹಾಗಾದ್ರೆ," ಎಂದಳು ನಾಗಕ್ಕ, ದಂಡೆಯ ಮೇಲೆ ಆರಾಮಾಗಿ ಕೂತು.

ಮಾಸ್ತರು ಪ್ಯಾಂಟು ಮಡಿಸಿ ಎರಡು ಹೆಜ್ಜೆ ಇಟ್ಟರು. ಮೂರನೆಯದಕ್ಕೆ ತೊಡೆಯವರೆಗೆ ನೀರು, ಮೊಣಕಾಲವರೆಗೆ ಕೆಸರು. ಒಂದು ಚಪ್ಪಲಿ ಹೊಳೆಯ ಪಾಲಾಯಿತು. ನಾಗಕ್ಕ ಬಿದಿರಿನ ಕೋಲು ಚಾಚಿ ಎಳೆದುಕೊಂಡಳು. ಚಾ ಕುಡಿಯುತ್ತ ಮುಕ್ಕಾಲು ಗಂಟೆ ಕೂತರು. ಅವರ ಕಣ್ಣೆದುರೇ ನೀರು ಸರಿದು ಕೆಸರು ಮೇಲೆ ಬಂತು. ಮಾಸ್ತರು ಗಡಿಯಾರ ನೋಡಿದರು, ಕೋಲು ನೋಡಿದರು, ಆಮೇಲೆ ಜೋರಾಗಿ ನಕ್ಕುಬಿಟ್ಟರು. ಅಲ್ಲೇ ಮೊಬೈಲು ತೆಗೆದು ತಿದ್ದುಪಡಿಯನ್ನು ಸೇರಿಸಿದರು.

"ಕೊಡುಗೆ ಕೊಟ್ಟವರ ಪಟ್ಟಿಯಲ್ಲಿ ನಾಗಕ್ಕನ ಹೆಸರೂ ಬರಬೇಕು, ಸರ್," ಎಂದಳು ಸುಚಿತಾ.

"ಖಂಡಿತ. ಆದರೆ ಅದು ಬೇರೆ ವಿಷಯ ಅಲ್ಲವಾ?" ಮಾಸ್ತರು ಒಂಟಿ ಚಪ್ಪಲಿಯಲ್ಲಿ ಎದ್ದು ನಿಂತರು. "ಬೇರೆ ತಿದ್ದುಪಡಿ ಕಳಿಸಿ."

ಅವರು ಬಸ್ ಹತ್ತುವ ಮೊದಲೇ ಅದು ಅವರಿಗೆ ತಲುಪಿತ್ತು. ಸಂಜೆ ಸುಚಿತಾ ಪಟ್ಟಿಯನ್ನು ತೆರೆದು ತೋರಿಸಿದಳು. ನಾಗಕ್ಕ ಬೆರಳಿಟ್ಟು ತನ್ನ ಹೆಸರಿನ ಮೂರು ಅಕ್ಷರವನ್ನು ನಿಧಾನವಾಗಿ ಓದಿದಳು. ಮತ್ತೊಮ್ಮೆ ಓದಿದಳು.

"ಇದ್ನ ಯಾರ್ಯಾರು ನೋಡ್ತ್ರು?"

"ಲೋಕದಲ್ಲಿ ಯಾರು ಬೇಕಾದ್ರೂ."

ನಾಗಕ್ಕ ಸೆರಗಿನಿಂದ ಮೊಬೈಲಿನ ಗಾಜು ಒರೆಸಿದಳು. "ಆತು. ಬೆಳಗ್ಗೆ ಇದ್ನ ಮಗಳಿಗೆ ಕಳ್ಸೂದು ಹೆಂಗೆ ಅಂತ ಹೇಳ್ಕೊಡು."