ಕೊಡೆಯ ಕೆಳಗೆ ಬಂದು ನಿಲ್ಲುತ್ತಿದ್ದ ಗಂಡ

ದಾಂಡೇಲಿಯ ನಮ್ಮ ಅಕ್ಕನ ಮನೆಯಲ್ಲಿ, ನಡುಮಧ್ಯಾಹ್ನ, ಪಡಸಾಲೆಯ ಕಿಟಕಿಗೆ ಕೌದಿ ಇಳಿಬಿಟ್ಟು ಬೆಳಕನ್ನು ಹೊರಗೆ ನಿಲ್ಲಿಸಿದ್ದು ನನಗೆ ನೆನಪಿರುವಂತೆ ಒಂದೇ ಸಲ. ಹೋದ ವರ್ಷದ ಮಳೆಗಾಲದ ಒಂದು ಭಾನುವಾರ. ಬಣ್ಣವಿಲ್ಲದ ಸಿನಿಮಾ ನೋಡಲು ಕತ್ತಲೆ ಬೇಕೇ ಬೇಕು ಎಂದು ಹಟ ಹಿಡಿದವಳು ಅಕ್ಕನ ಮಗಳು ಸ್ಫೂರ್ತಿ. ಧಾರವಾಡದಲ್ಲಿ ಓದುವ ಅವಳಿಗೆ ಕಾಲೇಜಿನಲ್ಲೊಂದು ವಿಚಿತ್ರ ಕೆಲಸ ಕೊಟ್ಟಿದ್ದರು: ಮನೆಯವರಿಗೆ ಫ್ರೆಂಚ್ ಭಾಷೆಯ ಹಳೆಯ ಕಪ್ಪು-ಬಿಳುಪು ಚಿತ್ರವೊಂದನ್ನು ತೋರಿಸಿ, ಅವರು ಏನೇನೆಂದರೆಂದು ಬರೆದು ತರಬೇಕು. ಅವಳು ನೋಟುಬುಕ್ಕು ಹಿಡಿದು ಕುಳಿತಳು. ಪರದೆಯ ಕೆಳಗೆ ಮೂಡುವ ಇಂಗ್ಲಿಷ್ ಸಾಲುಗಳನ್ನು ಕನ್ನಡಕ್ಕೆ ತಂದು ಗಟ್ಟಿಯಾಗಿ ಹೇಳುವ ಹೊಣೆ, ಹಳಿಯಾಳದ ಕಾಲೇಜೊಂದರ ಗ್ರಂಥಾಲಯದಲ್ಲಿ ಪುಸ್ತಕಗಳ ಧೂಳು ಕೊಡವಿಕೊಂಡಿರುವ ನನ್ನ ಪಾಲಿಗೆ ಬಂತು.

ನೋಡಲು ಕುಳಿತವರು ಮೂವರೇ. ಒಬ್ಬಳು ನಮ್ಮ ಅವ್ವ. ಇನ್ನೊಬ್ಬರು, ಕಾಗದದ ಕಾರ್ಖಾನೆಯಲ್ಲಿ ಅಪ್ಪನ ಜೊತೆ ಮೂವತ್ತು ವರ್ಷ ದುಡಿದ, ಅಪ್ಪ ಹೋದ ಮೇಲೂ ವಾರಕ್ಕೊಮ್ಮೆ ಬಂದು ಅವ್ವನ ಕೈಯ ಚಹಾ ಕುಡಿದು ಹೋಗುವ ಯಲ್ಲಪ್ಪ ಕಾಕಾ. ಮೂರನೆಯವಳು ನೀಲಕ್ಕ, ನನ್ನ ಅಕ್ಕ. ಅದಕ್ಕೂ ಆರು ವರ್ಷದ ಹಿಂದೆ ಭಾವ ಬಸವರಾಜ ಎದೆನೋವೆಂದು ಮಲಗಿದವನು ಏಳಲಿಲ್ಲ. ಅಂದಿನಿಂದ ಅಕ್ಕ ಹೊಲಿಗೆ ಯಂತ್ರದ ಮುಂದೆ ಬಾಗಿದ ಬೆನ್ನು ಎತ್ತಿದ್ದಿಲ್ಲ. ಆ ಭಾನುವಾರಕ್ಕೆ ಎಂಟು ತಿಂಗಳ ಮೊದಲು ಕಾಕಾ ಒಂದು ಮಾತು ತಂದಿದ್ದರು. ಮುಂಡಗೋಡದಲ್ಲಿ ಶಿವಲಿಂಗಪ್ಪ ಎಂಬ ಮಾಸ್ತರರಿದ್ದಾರೆ, ಅವರ ಹೆಂಡತಿಯೂ ತೀರಿಕೊಂಡಿದ್ದಾಳೆ, ನೀಲಮ್ಮ ಒಪ್ಪಿದರೆ ಮದುವೆಯಾಗುತ್ತಾರಂತೆ. ಅಕ್ಕ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಹೊಲಿಯಲು ಬಂದ ಬಟ್ಟೆಯ ಹಾಗೆ ಆ ಮಾತನ್ನು ಮಡಚಿ ಒಂದು ಕಡೆ ಇಟ್ಟುಬಿಟ್ಟಿದ್ದಳು. ಅವ್ವನಂತೂ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಸಿನಿಮಾದ ಕಥೆ ಬಲು ಸರಳ. ಕಲ್ಲುಹಾಸಿನ ಬೀದಿಯಲ್ಲಿ ಕೊಡೆ ರಿಪೇರಿ ಮಾಡುವ ಒಬ್ಬ ಹೆಂಗಸು. ಗಂಡ ಸತ್ತಿದ್ದಾನೆ. ಒಂದು ದಿನ ಅವನ ಹಳೆಯ ಕೊಡೆಯನ್ನು ಬಿಚ್ಚಿದರೆ, ಅದರ ಕೆಳಗೆ ಅವನೇ ನಿಂತಿದ್ದಾನೆ! ಮಡಚಿದರೆ ಮಾಯ. ಅವಳು ಕೊಡೆಯನ್ನು ಮಡಚುವುದನ್ನೇ ಬಿಟ್ಟಳು.

"ಮನಿಯೊಳಗ ಕೊಡಿ ಬಿಚ್ಚಬಾರದಂತ ಹಿರ್ಯಾರು ಸುಮ್ಮನ ಹೇಳ್ಯಾರೇನು?" ಎಂದರು ಕಾಕಾ.

"ಸುಮ್ಮನಿರ್ರಿ ನೀವು. ಹೆಂಗ ನಗಾಕತ್ತಾಳ ನೋಡ್ರಿ ಪಾಪ," ಎಂದಳು ಅವ್ವ.

ಅವಳ ನಗು ಬಹಳ ಹೊತ್ತು ಉಳಿಯಲಿಲ್ಲ. ಒಂದು ಕೈಯಲ್ಲಿ ಸದಾ ಕೊಡೆ ಹಿಡಿದವಳು ಕೆಲಸ ಮಾಡುವುದು ಹೇಗೆ? ಗಿರಾಕಿಗಳು ಹೋದರು, ಗೆಳತಿಯರು ಬಾಗಿಲು ತಟ್ಟಿ ತಟ್ಟಿ ಸೋತರು. ಕೊನೆಗೊಂದು ಮಳೆಯ ದಿನ ಹೊಸ್ತಿಲಲ್ಲಿ ನಿಂತು ಅವಳು ಗಂಡನಿಗೆ ಒಂದು ಮಾತು ಹೇಳುತ್ತಾಳೆ. ಆ ಸಾಲು ಪರದೆಯ ಮೇಲೆ ಮೂಡಿದಾಗ ನಾನು ಅಕ್ಕನ ಕಡೆ ನೋಡಿದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ, ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನನಗೆ ಧೈರ್ಯ ಸಾಲದಾಯಿತು.

"ನಾಳಿ ಬಾ, ನಾ ಕೊಡಿ ಬಿಚ್ಚಿ ಕಾಯ್ತಿರ್ತೀನಿ ಅಂದಾಳ," ಎಂದುಬಿಟ್ಟೆ.

ಅವ್ವ ಕಣ್ಣೊರೆಸಿಕೊಂಡಳು. ಸ್ಫೂರ್ತಿಯ ಪೆನ್ನು ಮಾತ್ರ ನಿಂತಿತು. "ಚಿಗವ್ವ, ಅಕಿ ಹಂಗ ಅಂದಿಲ್ಲಲಾ?"

ನಾನು ಪರದೆಯ ಕಡೆ ಮುಖ ತಿರುಗಿಸಿದೆ. ಅವ್ವ ಒಂದು ಕ್ಷಣ ನನ್ನನ್ನು ದಿಟ್ಟಿಸಿ, ಸಿಟ್ಟಾಗುವ ಬದಲು ನಕ್ಕಳು. "ಅಪ್ಪನ ಚಾಳಿ, ಎಲ್ಲಿ ಹೋಗತೈತಿ?"

ನಿಮಗೆ ಇದನ್ನು ಹೇಳಲೇಬೇಕು. ನಾವು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದ ದಿನಗಳಲ್ಲಿ, ಬೇಯುವ ಬಿದಿರಿನ ಗಂಧ ಒಗೆದ ಬಟ್ಟೆಗೂ ಅನ್ನಕ್ಕೂ ಹತ್ತಿಕೊಂಡಿರುತ್ತಿದ್ದ ಆ ಕಾಲದಲ್ಲಿ, ರಜೆಯ ಮಧ್ಯಾಹ್ನ ಅಪ್ಪ ನಮ್ಮನ್ನೆಲ್ಲ ಹಿಂದಿ ಸಿನಿಮಾಕ್ಕೆ ಕರೆದೊಯ್ಯುತ್ತಿದ್ದ. ಧಾರವಾಡದ ಹಳ್ಳಿಯಿಂದ ಬಂದ ಅವ್ವನಿಗೆ ಹಿಂದಿ ಬಾರದು. ಅಪ್ಪ ಅವಳ ಕಿವಿಯಲ್ಲಿ ಇಡೀ ಕಥೆಯನ್ನು ಕನ್ನಡದಲ್ಲಿ ಪಿಸುಗುಟ್ಟುತ್ತಿದ್ದ. ನಾಯಕ ಗುಂಡು ತಗುಲಿ ಕಣ್ಮುಚ್ಚಿದರೆ "ಸತ್ತಿಲ್ಲ, ದವಾಖಾನಿಗೆ ಒಯ್ತಾರ" ಎನ್ನುತ್ತಿದ್ದ. ತಾಯಿಯಿಂದ ಅಗಲಿದ ಮಗಳು "ಹಬ್ಬಕ್ಕ ಬರ್ತಾಳ". ಪಕ್ಕದಲ್ಲಿ ಕುಳಿತ ನೀಲಕ್ಕನೂ ನಾನೂ ಅವನ ಸುಳ್ಳನ್ನು ಕೇಳಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದೆವು. ಆ ಕತ್ತಲೆಯಲ್ಲಿ ನಮ್ಮ ಕುಟುಂಬಕ್ಕೆ ಸಾವೇ ಇರಲಿಲ್ಲ.

"ನಿನಗ ಗೊತ್ತಿತ್ತೇನ ಅವ್ವಾ?" ಎಂದೆ.

"ಹೆಣದ ಮ್ಯಾಲೆ ಹೂವು ಹಾಕೂದು ಕಾಣ್ತಿರಲಿಲ್ಲೇನು ನನಗ? ಅಂವ ಅಷ್ಟ ಜೀವಾ ಬಿಟ್ಟ ಹೇಳ್ತಿದ್ದ. ಅದಕ್ಕ ನಂಬತಿದ್ನಿ."

ನಮ್ಮ ನಗುವಿನ ನಡುವೆ ನೀಲಕ್ಕನ ದನಿ ಸಣ್ಣಗೆ ಬಂತು. "ಖರೇ ಏನ್ ಅಂದ್ಲು ಅಕಿ?"

ಇನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ. "ನಾಳಿಂದ ಈ ಕೊಡಿ ಬಿಚ್ಚಂಗಿಲ್ಲ, ಮಳಿ ಬಂದ್ರ ನೆನೀತೀನಿ ಅಂದ್ಲು."

ಹೇಳಿದ ಮೇಲೆ ನನಗೇ ಹೊಳೆಯಿತು. ಆ ಪರಭಾಷೆಯ ಹೆಂಗಸು ಹೇಳಿದ್ದು ಮಳೆಯಲ್ಲಿ ತೊಯ್ಯುವ ಮಾತನ್ನಷ್ಟೇ ಇರಬೇಕು. ನಮ್ಮ ಭಾಷೆಯಲ್ಲಿ ನೆನೆಯುವುದೆಂದರೆ ತೊಯ್ಯುವುದೂ ಹೌದು, ನೆನಪು ಮಾಡಿಕೊಳ್ಳುವುದೂ ಹೌದು. ನಾನು ಹೆದರಿ ಮುಚ್ಚಿಟ್ಟ ಸಾಲು ಕನ್ನಡಕ್ಕೆ ಬಂದು ತಾನಾಗಿಯೇ ಮೆತ್ತಗಾಗಿತ್ತು. ಅಕ್ಕ "ನೆನೀತೀನಿ" ಎಂದು ತನ್ನಷ್ಟಕ್ಕೆ ಒಮ್ಮೆ ಅಂದುಕೊಂಡಳು.

"ಬಂದ ಗಂಡನ್ನ ಹೊಳ್ಳಿ ಕಳಸ್ತಾಳಂದ್ರ ಅಕಿ ಎದಿ ಕಲ್ಲೇ ಇರಬೇಕು," ಎಂದು ಅವ್ವ ಸಿಡಿದಳು.

"ಅಕಿ ಮಾಡಿದ್ದು ಬರೋಬ್ಬರಿ ಐತಿ," ಎಂದರು ಕಾಕಾ. "ಬದುಕಿದಾಕಿ ಬದುಕಬೇಕು."

"ನಿಮಗೇನ ಗೊತ್ತರಿ ಹೆಂಗಸರ ಸಂಕಟಾ? ಮಾಸ್ತರನ ಮಾತು ಎತ್ತಾಕ ಇದೊಂದು ನೆಪಾ ನಿಮಗ!"

ಸಿನಿಮಾದ ಜಗಳ ಹೊಸ್ತಿಲು ದಾಟಿ ಮನೆಯೊಳಗೆ ಬಂದಿತ್ತು. ಕಾಕಾ ತಲೆ ತಗ್ಗಿಸಿದರು. ಆಗ ನೀಲಕ್ಕ ಎದ್ದು ಹೋಗಿ ಅವ್ವನ ಕಾಲ ಬಳಿ ಕುಳಿತಳು.

"ಆರು ವರ್ಷ ಆತವ್ವಾ ಆ ಕೊಡಿ ಹಿಡಕೊಂಡು. ಕೈ ಸೋತಾವ ನನ್ನವು."

ಸ್ಫೂರ್ತಿ ನೋಟುಬುಕ್ಕು ಮುಚ್ಚಿ, ಬಂದು ತಾಯಿಯ ಬೆನ್ನಿಗೆ ಗಲ್ಲ ಆನಿಸಿದಳು. ಅವ್ವ ಮಗಳ ಎರಡೂ ಅಂಗೈಗಳನ್ನು ಹಿಡಿದು, ಸೂಜಿ ಚುಚ್ಚಿ ಒರಟಾದ ಬೆರಳುಗಳನ್ನು ಒಂದೊಂದಾಗಿ ಸವರಿದಳು.

"ಮಾಸ್ತರನ ಬಾ ಅನ್ನು," ಎಂದಳು ಕೊನೆಗೆ. "ಆದ್ರ ನಾ ಇನ್ನೂ ಅಂತೀನಿ, ಆ ಪಿಚ್ಚರಿನ್ಯಾಕಿ ಮಾಡಿದ್ದು ತಪ್ಪು."

"ಹಂಗ ಬರೀಲೇನ, ಆಯಿ?" ಎಂದಳು ಸ್ಫೂರ್ತಿ, ಮೂಗೊರೆಸಿಕೊಳ್ಳುತ್ತ.

"ಬರಿ. ತಪ್ಪಂದ್ರ ತಪ್ಪ."

ಮಾಸ್ತರರು ಮನೆಗೆ ಬರಲು ಸಂಕೋಚಪಟ್ಟರು. ಮಳೆಗಾಲ ಮುಗಿದ ಮೇಲೆ ಮುಂಡಗೋಡದ ಬಳಿ, ಅತ್ತಿವೇರಿ ಪಕ್ಷಿಧಾಮದ ಕೆರೆಯ ಹತ್ತಿರ, ಕಾಕಾನನ್ನೂ ನನ್ನನ್ನೂ ದೂರದ ಬೆಂಚಿನ ಮೇಲೆ ಕಾವಲಿಗೆ ಕೂರಿಸಿ, ಅವರೂ ಅಕ್ಕನೂ ಹಕ್ಕಿಗಳನ್ನು ನೋಡುವ ನೆಪದಲ್ಲಿ ಎರಡು ತಾಸು ಮಾತಾಡಿದರು. ದೀಪಾವಳಿ ಕಳೆದು ಉಳವಿಯ ಗುಡಿಯಲ್ಲಿ, ಹತ್ತು ಮಂದಿಯ ಎದುರು ಮದುವೆಯಾಯಿತು. ಅವ್ವ ಬಂದಳು, ಅಕ್ಷತೆ ಹಾಕಿದಳು, ಅಳಿಯನೊಡನೆ ಮಾತ್ರ ಒಂದು ತಿಂಗಳು ಮಾತಾಡಲಿಲ್ಲ.

ಮೊನ್ನೆ ಮುಂಡಗೋಡಕ್ಕೆ ಹೋಗಿದ್ದೆ. ರೊಟ್ಟಿ ತಟ್ಟುತ್ತಿದ್ದ ಅಕ್ಕನನ್ನು, ಕೇಳಬಾರದೆಂದುಕೊಂಡೇ ಕೇಳಿದೆ: "ಭಾವನ ನೆನಪಾಗತೈತೇನ?"

"ಆಗಲಾರದೇನ? ಮಾಸ್ತರ ಬಿಡಂಗಿಲ್ಲ ನನ್ನ. ಬಸವರಾಜ ಹೆಂಗ ಸಿಟ್ಟ ಮಾಡ್ತಿದ್ರು, ಏನ ಉಣ್ತಿದ್ರು, ಎಲ್ಲಾ ಕೇಳ್ತಾರ. ಅವರ ಹೆಂಡತಿದು ಅವರು ಹೇಳ್ತಾರ." ರೊಟ್ಟಿಯನ್ನು ಹಂಚಿನ ಮೇಲೆ ಮಗುಚಿ ಹಾಕಿ, ಬೆಂಕಿಯ ಬೆಳಕಿನಲ್ಲಿ ಅವಳು ನಕ್ಕಳು. "ತೀರಿಹೋದ ಆ ಇಬ್ಬರೂ ಬಾಳ ಹಟಮಾರಿಗಳು. ಕೂಡೇ ಇದ್ದಿದ್ರ ಈ ಮನಿಯೊಳಗ ಎಂಥಾ ಜಗಳ ಆಗ್ತಿತ್ತ ನೋಡು!"