ಪರಮೇಶ್ವರಿಯವರು ಬಿಡಿಸಿ ನೋಡಿದ ಅಲೆಗಳು

ಹೊನ್ನಾವರದ ಆಸ್ಪತ್ರೆಯೊಂದರಲ್ಲಿ ಮಿದುಳಿನ ಅಲೆಗಳನ್ನು ದಾಖಲಿಸುವ ತಂತ್ರಜ್ಞೆಯಾಗಿ ಮೂವತ್ತೊಂದು ವರ್ಷ ದುಡಿದು ಈ ತಿಂಗಳು ನಿವೃತ್ತರಾಗುತ್ತಿರುವ ಹಳದೀಪುರದ ಶ್ರೀಮತಿ ಪರಮೇಶ್ವರಿ ನಾಯ್ಕ ಅವರ ಹೆಸರು ಯಾವ ವೈದ್ಯಕೀಯ ಪತ್ರಿಕೆಯಲ್ಲೂ ಅಚ್ಚಾಗಿಲ್ಲ. ವರದಿಗೆ ಸಹಿ ಹಾಕುವವರು ಬೇರೆ. ತಲೆಗೆ ತಂತಿ ಅಂಟಿಸಿ, ಹೆದರಿದವರನ್ನು ಸಮಾಧಾನಪಡಿಸಿ, ಮೂಡಿದ ಗೆರೆಯನ್ನು ಅನುಮಾನದಿಂದ ನೋಡುವವರು ಇವರು. ಕಾಗದದ ಮೇಲೆ ಶಾಯಿಯ ಮುಳ್ಳು ಓಡುತ್ತಿದ್ದ ಕಾಲದಲ್ಲಿ ಸೇವೆಗೆ ಸೇರಿ, ಕಂಪ್ಯೂಟರ್ ಬಂದಾಗ ತಾವೇ ಕುಳಿತು ಕಲಿತರು. ಗೇರುಸೊಪ್ಪದ ಬಸ್ಸು ತಡವಾದರೆ ಅದರಲ್ಲಿ ಬರುವ ರೋಗಿಗಳಿಗಾಗಿ ಯಂತ್ರ ಆರಿಸದೆ ಕಾದರು.

ಎರಡು ವರ್ಷದ ಹಿಂದೆ ಅವರೆದುರು ಕುಳಿತವನು ಭಟ್ಕಳದ ಮಂಜುಗಡ್ಡೆ ಕಾರ್ಖಾನೆಯ ದುರ್ಗಪ್ಪ ಮೊಗೇರ. ಶಾಲೆಯಲ್ಲಿ ಸೋಮವಾರ ಸರಿಯಾಗಿ ಬಿಡಿಸಿದ ಲೆಕ್ಕವನ್ನು ಮಂಗಳವಾರ ತಪ್ಪಿಸುತ್ತಿದ್ದ ಇವನನ್ನು ಮಾಸ್ತರರು ನಕಲು ಹೊಡೆಯುವವನೆಂದು ಹೀಯಾಳಿಸಿದ್ದರು. ಏಳನೆಯ ತರಗತಿಗೇ ಶಾಲೆ ಬಿಟ್ಟಿದ್ದ. ಈಗ, ಗಂಟೆ ಬಾರಿಸಿದರೂ ಮಂಜು ಪುಡಿಮಾಡುವ ಯಂತ್ರವನ್ನು ತಕ್ಷಣ ನಿಲ್ಲಿಸಲಿಲ್ಲವೆಂದು ಧಣಿ ಕೂಗಾಡಿದ್ದ: "ತಲೆ ತೋರ್ಸ್ಕಂಡು ಬಾ. ಬೇಕಂತ್ಲೇ ಮಾಡಿದ್ದಾದ್ರೆ ನಾಳಿಂದ ಬರೂದೇ ಬೇಡ."

ಆಸ್ಪತ್ರೆಗೆ ಹೊರಟವನ ತಲೆ ಒಣಗಿರಬಾರದೆಂದು ತಾಯಿ ಕೊಬ್ಬರಿ ಎಣ್ಣೆ ಸುರಿದೇ ಕಳಿಸಿದ್ದಳು. ನಮ್ಮ ಕಡೆಯವರೆಲ್ಲ ಮಾಡುವ ತಪ್ಪು ಇದು. ಎಣ್ಣೆಯ ಮೇಲೆ ತಂತಿ ನಿಲ್ಲುವುದಿಲ್ಲ. ಒರೆಸಿ ಹೇಗೋ ಅಂಟಿಸಿದರು. ಕಿವಿಯಲ್ಲಿ ಒಂದೇ ಸಮ ಸದ್ದು. ನಡುನಡುವೆ ನಲವತ್ತು ಸಲ ಎತ್ತರದ ಸದ್ದು ಬಂದಾಗ ಗುಂಡಿ ಒತ್ತಬೇಕು. ಗಮನವಿಟ್ಟು ಕೇಳಿದರೆ ಆಗೆಲ್ಲ ಮಿದುಳಿನಲ್ಲಿ ಅಲೆಯೊಂದು ಏಳಬೇಕು. ನಲವತ್ತನ್ನೂ ಕೂಡಿಸಿ ತೆಗೆದ ಸರಾಸರಿ ಗೆರೆ ಬಹುತೇಕ ಚಪ್ಪಟೆ. "ನಾಟಕ ಇದು. ಸಹಕರಿಸಲಿಲ್ಲ ಅಂತ ಬರೀರಿ" ಎಂದರು ವೈದ್ಯರು.

ಪರಮೇಶ್ವರಿಯವರು ಬರೆಯಲಿಲ್ಲ. ಅವರಿಗೆ ಮೊದಲು ಅನುಮಾನ ಬಂದದ್ದು ತಮ್ಮ ಕೈಯ ಮೇಲೆ. ದುರ್ಗಪ್ಪನನ್ನು ಹಿತ್ತಿಲ ನಲ್ಲಿಗೆ ಕರೆದರು.

"ಮತ್ತೊಂದ್ಸಲ ಎಂತಕೆ? ಧಣಿ ನಿಮ್ಗೆ ಎಂತಾರೂ ಹೇಳಿದ್ನಾ ಅಕ್ಕೋರೇ?"

"ನಿನ್ ಧಣಿ ಮುಖ ನಾ ಕಂಡವ್ಳೇ ಅಲ್ಲ. ನಂಗೆ ಸಂಶಯ ನಿನ್ ಎಣ್ಣೆ ಮೇಲೆ. ಮದ್ವೆಗೆ ಹೊರಟ್ಯಾ ತಮಾ? ತಲೆ ಬಗ್ಸು."

ತಾವೇ ಸೀಗೆಪುಡಿ ಹಾಕಿ ತೊಳೆದರು. ಅವನ ನಂಬಿಕೆ ಮಾತ್ರ ತೊಳೆದ ನೀರಿನೊಂದಿಗೆ ಇನ್ನಷ್ಟು ಹರಿದುಹೋಯಿತು: ಇಷ್ಟು ಉಪಚಾರ ಯಾರಿಗಾದರೂ ಸುಮ್ಮನೆ ಮಾಡುತ್ತಾರೆಯೇ? ಗೆರೆ ಮತ್ತೆ ಚಪ್ಪಟೆ. ಆಗ ಅವರು ಸರಾಸರಿಯನ್ನು ಪಕ್ಕಕ್ಕಿಟ್ಟು ಒಂದೊಂದು ಸದ್ದಿನ ಅಲೆಯನ್ನೂ ಬಿಡಿಬಿಡಿಯಾಗಿ ನೋಡಿದರು. ನಲವತ್ತರಲ್ಲಿ ಮೂವತ್ತೇಳರಲ್ಲಿ ಅಲೆ ಎದ್ದಿತ್ತು. ಒಮ್ಮೆ ಬೇಗ, ಒಮ್ಮೆ ತಡ. ಕೂಡಿಸಿದಾಗ ಒಂದರ ಏರು ಇನ್ನೊಂದರ ಇಳಿತಕ್ಕೆ ಬಿದ್ದು ಕರಗಿತ್ತು. ಹತ್ತು ದಿನ ಬಿಟ್ಟು ಕರೆಸಿ ನೋಡಿದರು: ಏರುಪೇರು ಮೊದಲಿನಷ್ಟೇ ಇತ್ತು. ಕೆಲವರ ಮಿದುಳು ಹೊತ್ತಿಗೆ ಸರಿಯಾಗಿ ಓಗೊಡುತ್ತದೆ, ಕೆಲವರದು ಹಿಂದುಮುಂದಾಗುತ್ತದೆ. ಎಷ್ಟು ಹಿಂದುಮುಂದಾಗುತ್ತದೆಂಬುದೂ ಅವರವರ ಸ್ವಭಾವ.

"ಸರ್, ಇವ ಉತ್ತರ ಕೊಟ್ಟಿದ್ದಾನೆ. ಒಂದೇ ಹೊತ್ತಿಗೆ ಕೊಡ್ಲಿಲ್ಲ ಅಷ್ಟೇ" ಎಂದರು. ವೈದ್ಯರು ಮುಖ ಗಂಟಿಕ್ಕಿಕೊಂಡೇ 'ನಟನೆಯಲ್ಲ' ಎಂದು ಬರೆದರು. ತಕ್ಷಣ ನಿಲ್ಲಿಸಬೇಕಾದ ಯಂತ್ರದ ಕೆಲಸ ಬೇಡವೆಂಬ ಸಾಲನ್ನೂ ಪರಮೇಶ್ವರಿಯವರೇ ಸೇರಿಸಲು ಹೇಳಿದರು.

ದುರ್ಗಪ್ಪ ಕೆರಳಿದ: "ಕಡೀಗೆ ನೀವೂ ಕೈ ಕೊಟ್ರಿ ಅಲ್ದಾ?"

"ನಿನ್ ಕೈ ಉಳೀಲಿ ಅಂತ ಬರೆಸ್ದೆ ಮಾರಾಯಾ. ಸಿಟ್ಟು ಬಂದಾಗ ಮುಷ್ಟಿ ಕಟ್ಟೂಕಾದ್ರೂ ಬೇಕಲ್ಲ!"

ಧಣಿ ಅವನನ್ನು ಮಂಜು ಲಾರಿಗೆ ತುಂಬುವ ಕೆಲಸಕ್ಕೆ ಹಾಕಿದ, ಹೊರಗೆ ಹಾಕಲಿಲ್ಲ. ದುರ್ಗಪ್ಪನಿಗೆ ಇವತ್ತಿಗೂ ಯಾರ ಮೇಲೂ ನಂಬಿಕೆಯಿಲ್ಲ. ಆದರೆ ಅವನನ್ನು ಸುಳ್ಳನೆನ್ನುವ ಧೈರ್ಯ ಕಾರ್ಖಾನೆಯಲ್ಲಿ ಯಾರಿಗೂ ಉಳಿದಿಲ್ಲ.

ಪರಮೇಶ್ವರಿಯವರು ಇನ್ನು ಕುಮಟೆಯಲ್ಲಿ ಹೊಸ ತಂತ್ರಜ್ಞರಿಗೆ ಕಲಿಸಲಿದ್ದಾರಂತೆ. ಅವರ ಕಣ್ಣು ಮಸುಕಾಗದಿರಲಿ, ಆಯುಷ್ಯ ನೂರು ದಾಟಲಿ. ಎದುರು ಕುಳಿತವನನ್ನು ಕಳ್ಳನೆನ್ನುವ ಮೊದಲು ತಮ್ಮ ಯಂತ್ರವನ್ನೇ ಶಂಕಿಸುವ ನಾಲ್ಕು ಜನರನ್ನಾದರೂ ಅವರು ಈ ಕರಾವಳಿಗೆ ತಯಾರು ಮಾಡಿಕೊಡಲಿ.